ಮೂರು ಎಕರೆಗೊಂದು ಟ್ರ್ಯಾಕ್ಟರ್

ಕಳೆದ ಮುಂಗಾರಿನಲ್ಲಿ ಬಾಡಿಗೆಗೆ ಬಂದ 50 ಎಚ್.ಪಿ. ಟ್ರ್ಯಾಕ್ಟರೊಂದು ನನ್ನ ಅಡಿಕೆ ತೋಟದ ಹನ್ನೊಂದು ಮರಗಳ ಮೈಯನ್ನು ಸೊಂಟದೆತ್ತರಕ್ಕೆ ತರಚಿ, ಹನ್ನೆರಡನೆಯದನ್ನು ಬುಡಸಮೇತ ವಾಲಿಸಿ, ಅಷ್ಟಕ್ಕೂ ಸೇರಿಸಿ ಗಂಟೆಯ ಲೆಕ್ಕದಲ್ಲಿ ಹಣ ಎಣಿಸಿಕೊಂಡು ಹೋದ ಮೇಲೆ, ಸ್ವಂತದ್ದೊಂದು ಮಿನಿ ಟ್ರ್ಯಾಕ್ಟರ್ ಕೊಳ್ಳದೆ ಗತಿಯಿಲ್ಲವೆಂದು ನಾನು ತೀರ್ಮಾನಿಸಿದೆ. ತೀರ್ಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿದ್ದ ಕೆಲಸ. ಹೋಟೆಲಿನ ಜಗಲಿಯ ಮೇಲೆ ಬಾಯಿಬಿಟ್ಟದ್ದರಿಂದ ನಾಲ್ಕು ತಿಂಗಳು ಹಿಡಿಯಿತು.

ನಮ್ಮದು ತಿಪಟೂರಿನ ಕಡೆಯ ಊರು. ನಿವೃತ್ತ ಕನ್ನಡ ಮೇಷ್ಟ್ರಾದ ನನ್ನ ಪಹಣಿಯಲ್ಲಿರುವುದು 3 ಎಕರೆ 12 ಗುಂಟೆ. ಅದರಲ್ಲಿ ಒಂದೂವರೆ ಎಕರೆ ತೆಂಗು, ಒಂದು ಎಕರೆ ಅಡಿಕೆ, ಉಳಿದ 32 ಗುಂಟೆಯಲ್ಲಿ ರಾಗಿ. ಜಗಲಿಯ ಸಭೆಯಲ್ಲಿ ನನ್ನನ್ನು ಬಿಟ್ಟರೆ ನಾಲ್ವರು ಖಾಯಂ ಸದಸ್ಯರು: ದೊಡ್ಡ ಟ್ರ್ಯಾಕ್ಟರಿನ ಒಡೆಯರಾದ ಗೌಡರು, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದರೂ ಲೆಕ್ಕದಿಂದ ನಿವೃತ್ತರಾಗದ ಕ್ಯಾಷಿಯರು, ಮೂವತ್ತು ವರ್ಷಗಳಿಂದ ಟ್ರ್ಯಾಕ್ಟರುಗಳ ಹೊಟ್ಟೆ ಬಗೆಯುತ್ತಿರುವ ಮೆಕ್ಯಾನಿಕ್ ಸಾಬರು, ಮತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಶನಿವಾರ ಭಾನುವಾರ ಮಾತ್ರ ರೈತನಾಗುವ, ಗೌಡರ ತಂಗಿಯ ಮಗ. ಇವರ ಮಾತುಗಳನ್ನು ನಾನು ಗ್ರಾಂಥಿಕಕ್ಕೆ ತಿದ್ದಿ ಬರೆದಿದ್ದೇನೆ. ಮೂಲದಲ್ಲಿ ಗೌಡರು ಬಳಸಿದ ಕೆಲವು ವಿಶೇಷಣಗಳು ಅಚ್ಚಿಗೆ ತಕ್ಕವಲ್ಲ.

“ಕೊಳ್ಳುವುದಾದರೆ ನನ್ನ ಹಾಗೆ 50 ಎಚ್.ಪಿ.ಯದನ್ನೇ ಕೊಳ್ಳಿ ಮೇಷ್ಟ್ರೇ,” ಎಂದು ಗೌಡರು ಮೊದಲ ದಿನವೇ ಅಪ್ಪಣೆ ಕೊಟ್ಟರು. “ಆ ಚಿಕ್ಕ ಗಾಡಿಯನ್ನು ತಂದು ಮನೆ ಮುಂದೆ ನಿಲ್ಲಿಸಿದರೆ, ಜಾತ್ರೆಯಲ್ಲಿ ಮೊಮ್ಮಗನಿಗೆ ಕೊಡಿಸಿದ್ದೀರಿ ಎಂದುಕೊಳ್ಳುತ್ತಾರೆ.”

“ಗಾಡಿಯನ್ನು ಆರಿಸುವವರು ನಾವಲ್ಲ, ಸಾಲು,” ಎಂದರು ಸಾಬರು. “ಮೊದಲು ಟೇಪು ತನ್ನಿ.”

ಆ ಸಂಜೆಯೇ ಐವರೂ ತೋಟಕ್ಕೆ ನಡೆದೆವು. ಅಡಿಕೆಯನ್ನು 9 ಅಡಿಗೆ ಒಂದರಂತೆ ನೆಡಬೇಕೆಂಬುದು ಇಲಾಖೆಯವರೂ ಹೇಳುವ, ಹಿರಿಯರೂ ಪಾಲಿಸುತ್ತಿದ್ದ ಲೆಕ್ಕವಾದರೂ, ನಮ್ಮ ತಾತ ಸಾಲು ಹಿಡಿಯುವಾಗ ಹಗ್ಗದ ಆ ತುದಿಯನ್ನು ಯಾವ ಪುಣ್ಯಾತ್ಮ ಹಿಡಿದಿದ್ದನೋ, ಕಾಲುವೆಯ ಬದಿಯಲ್ಲಿ 9 ಅಡಿಯಿದ್ದ ಸಾಲು ಬೇಲಿಯ ಬದಿಗೆ ಹೋಗುವಷ್ಟರಲ್ಲಿ ಏಳೂವರೆ ಅಡಿಗೆ ಇಳಿದಿತ್ತು. ಅದರಲ್ಲಿ ಮರದ ದಪ್ಪವನ್ನು ಕಳೆದರೆ ಉಳಿಯುವುದು 7 ಅಡಿ. ಗೌಡರ ಗಾಡಿಗೆ ಕಟ್ಟುವ, ತಿರುಗುವ ಅಲಗುಗಳಿಂದ ಮಣ್ಣು ಪುಡಿಮಾಡುವ ರೋಟವೇಟರಿನ ಅಗಲವೇ 6 ಅಡಿ ಇರುವುದರಿಂದ ಎಡಕ್ಕೆ ಆರು ಅಂಗುಲ, ಬಲಕ್ಕೆ ಆರು ಅಂಗುಲ ಮಿಗುತ್ತದೆ. “ಕೈ ಪಳಗಿದ ಡ್ರೈವರಿಗೆ ಅಷ್ಟು ಸಾಕು,” ಎಂದು ಗೌಡರು ವಾದಿಸಿದರು. ನಾನು ಮಾತನಾಡದೆ, ಮೈ ತರಚಿಸಿಕೊಂಡು ನಿಂತಿದ್ದ ಹನ್ನೊಂದು ಮರಗಳ ಕಡೆಗೆ ಟಾರ್ಚ್ ಬಿಟ್ಟೆ. ಮಿನಿ ಟ್ರ್ಯಾಕ್ಟರಿಗೆ ಕಟ್ಟುವ 4 ಅಡಿಯ ರೋಟವೇಟರಾದರೆ ಎರಡೂ ಕಡೆ ಒಂದೂವರೆ ಅಡಿ ಉಳಿಯುತ್ತದೆ. ಅಡಿಕೆಯ ಬೇರು ಮೇಲುಮೇಲೆಯೇ ಹರಡುವುದರಿಂದ ಬುಡದಿಂದ ಅಷ್ಟು ದೂರ ಇದ್ದು, ಮೂರು ನಾಲ್ಕು ಅಂಗುಲಕ್ಕಿಂತ ಆಳಕ್ಕೆ ಹೋಗದೆ ತೇಲಿಸಿಕೊಂಡು ಹೋಗುವುದೇ ಸರಿ ಎಂದು ಸಾಬರು ಟೇಪು ಸುತ್ತಿದರು. 50 ಎಚ್.ಪಿ.ಯ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು, ಗೌಡರ ಮುಖವೂ ಸ್ವಲ್ಪ ಬಿದ್ದಿತು.

ಮುಂದಿನ ಶನಿವಾರ ಸಾಫ್ಟ್‌ವೇರ್ ಹುಡುಗ ಬಣ್ಣಬಣ್ಣದ ಕೋಷ್ಟಕವನ್ನು ಫೋನಿನಲ್ಲಿ ತಂದ. ಮಹೀಂದ್ರ ಯುವರಾಜ್ 215 ಮತ್ತು ಸ್ವರಾಜ್ 717 ಎಂಬವು ಒಂದೇ ಸಿಲಿಂಡರಿನ 15 ಎಚ್.ಪಿ.ಯವು, 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿಯವರ ಎಂ.ಟಿ. 180ಡಿ ಮೂರು ಸಿಲಿಂಡರಿನ ಹದಿನೆಂಟೂವರೆ ಎಚ್.ಪಿ.ಯದು; 24 ಎಚ್.ಪಿ.ಯಲ್ಲಿ ಎರಡು ಸಿಲಿಂಡರಿನ ಮಹೀಂದ್ರ ಜೀವೋ 245 ಒಂದಾದರೆ, ಮೂರು ಸಿಲಿಂಡರಿನ ಕುಬೋಟ ಬಿ2441 ಇನ್ನೊಂದು. ಇಷ್ಟನ್ನು ಓದಿ ಅವನು, “ಸರ್, 24ರ ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂಬುದೊಂದು ಕಾಲಂ ಮಾತ್ರ ಎಲ್ಲಿಯೂ ಸಿಗಲಿಲ್ಲ,” ಎಂದು ತಲೆ ಕೆರೆದುಕೊಂಡ.

ಸಿಗದ ಆ ಕಾಲಮ್ಮನ್ನು ತುಂಬಲು ಜಗಲಿಯವರು ಮೂರು ವಾರ ತೆಗೆದುಕೊಂಡರು. ಜೀವೋದ ಎಂಜಿನ್ 1366 ಸಿ.ಸಿ.ಯದಾಗಿದ್ದು ನಿಮಿಷಕ್ಕೆ 2300 ಸುತ್ತಿನಲ್ಲಿ ತನ್ನ ಪೂರ್ಣ ಶಕ್ತಿ ಕೊಡುತ್ತದೆ. ಕುಬೋಟದ್ದು 1123 ಸಿ.ಸಿ.ಯಾಗಿದ್ದು ಅದೇ ಶಕ್ತಿಗೆ 2600 ಸುತ್ತು ಸುತ್ತುತ್ತದೆ. ನಿಧಾನವಾಗಿ ಸುತ್ತುವ ದೊಡ್ಡ ಎಂಜಿನ್ನೇ ದೀರ್ಘಾಯುಷಿ, ಎತ್ತು ಓಡಿದಷ್ಟೂ ಬೇಗ ಮುದಿಯಾಗುತ್ತದೆ ಎಂಬುದು ಗೌಡರ ಸಿದ್ಧಾಂತ. ಮೂರು ಸಿಲಿಂಡರಾದರೆ ಅದುರು ಕಡಿಮೆ, ಅದುರು ಕಡಿಮೆಯಾದರೆ ನಟ್ಟು ಬೋಲ್ಟು ಸಡಿಲವಾಗುವುದೂ ಕಡಿಮೆ, ಮೇಷ್ಟರ ಸೊಂಟವೂ ಉಳಿಯುತ್ತದೆ ಎಂಬುದು ಹುಡುಗನ ಪ್ರತಿಸಿದ್ಧಾಂತ. ಮಾವ ಮತ್ತು ಅಳಿಯ ಒಂದು ಭಾನುವಾರ ಇದೇ ವಿಷಯಕ್ಕೆ ಊಟದೆಲೆಯ ಮುಂದೆ ಮುನಿಸಿಕೊಂಡರೆಂದು ಆಮೇಲೆ ತಿಳಿಯಿತು.

ಸಾಬರು ಎರಡನ್ನೂ ಒಪ್ಪಲಿಲ್ಲ. ಕಾಗದದ ಮೇಲಿನ ಎಚ್.ಪಿ. ಎಂಜಿನ್ನಿನದು, ರೋಟವೇಟರನ್ನು ತಿರುಗಿಸುವುದು ಹಿಂದಿನ ಪಿ.ಟಿ.ಓ. ಶಾಫ್ಟು, ಅಲ್ಲಿಗೆ ತಲುಪುವಷ್ಟರಲ್ಲಿ ಗೇರುಗಳು ತಮ್ಮ ಪಾಲು ತಿಂದಿರುತ್ತವೆ, ಸಂಬಳದ ಮೊತ್ತಕ್ಕೂ ಮನೆಗೆ ಬರುವ ಹಣಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ ಎಂದರು. ಇದು ಕ್ಯಾಷಿಯರಿಗೆ ಕೂಡಲೇ ಅರ್ಥವಾಯಿತು. ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ, ಅದರ ವರದಿಯಲ್ಲಿ ಪಿ.ಟಿ.ಓ.ಗೆ ಎಷ್ಟು ಶಕ್ತಿ ಬಂತು, ಡೀಸೆಲ್ ಎಷ್ಟು ಕುಡಿಯಿತು, ಪರೀಕ್ಷೆಯ ನಂತರ ಬಿಚ್ಚಿ ನೋಡಿದಾಗ ಯಾವ ಭಾಗ ಎಷ್ಟು ಸವೆದಿತ್ತು ಎಂಬುದೆಲ್ಲ ಇರುತ್ತದೆ, ಕೋಷ್ಟಕ ಮಾಡುವುದಾದರೆ ಅದನ್ನು ನೋಡಿ ಮಾಡಪ್ಪ ಎಂದು ಸಾಬರು ಹುಡುಗನಿಗೆ ಹೇಳಿ, ನನ್ನ ಕಡೆ ತಿರುಗಿ, “ಮೇಷ್ಟ್ರೇ, ಆ ಶಾಫ್ಟು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ, ನಿಮ್ಮ ಈ ಪಂಚೆಯ ಚುಂಗು ಸಿಕ್ಕಿಕೊಂಡರೆ ಪಂಚೆಯ ಜೊತೆಗೆ ನೀವೂ ಹೋಗುತ್ತೀರಿ. ಗಾಡಿಗಿಂತ ಮೊದಲು ಎರಡು ಜೊತೆ ಪ್ಯಾಂಟು ಹೊಲಿಸಿಕೊಳ್ಳಿ,” ಎಂದರು. ಮೂವತ್ತೆಂಟು ವರ್ಷ ಪಂಚೆಯುಟ್ಟು ಪಾಠ ಹೇಳಿದ ನಾನು ಟ್ರ್ಯಾಕ್ಟರಿನ ನೆಪದಲ್ಲಿ ಮೊದಲು ಹೋದದ್ದು ದರ್ಜಿಯ ಅಂಗಡಿಗೆ.

ಇಷ್ಟು ಹೊತ್ತು ಸುಮ್ಮನಿದ್ದ ಕ್ಯಾಷಿಯರು ಒಂದು ದಿನ ಉದ್ದನೆಯ ನೋಟುಬುಕ್ಕಿನೊಂದಿಗೆ ಬಂದರು. ರೋಟವೇಟರಿಗೆ ಎಕರೆಗೆ ಒಂದೂವರೆ ಗಂಟೆಯಂತೆ ನನ್ನ ಇಡೀ ಜಮೀನಿಗೆ ಐದು ಗಂಟೆ. ವರ್ಷಕ್ಕೆ ನಾಲ್ಕು ಸಲವಾದರೆ ಇಪ್ಪತ್ತು. ಗೊಬ್ಬರ, ತೆಂಗಿನಕಾಯಿ, ಹುಲ್ಲು ಸಾಗಿಸಲು, ಔಷಧಿ ಸಿಂಪಡಿಸಲು ಇನ್ನೊಂದು ನಲವತ್ತು. ಒಟ್ಟು 60 ಗಂಟೆ. ಗಂಟೆಗೆ ಸಾವಿರದಂತೆ ಬಾಡಿಗೆ ಕೊಟ್ಟರೆ ವರ್ಷಕ್ಕೆ ಅರವತ್ತು ಸಾವಿರ. ಆರು ಲಕ್ಷ ಸಾಲ ಮಾಡಿ ಕೊಂಡರೆ ನೂರಕ್ಕೆ ಹತ್ತರಂತೆ ಬಡ್ಡಿಯೂ ಅರವತ್ತು ಸಾವಿರ. “ಆದ್ದರಿಂದ ಕೊಂಡರೂ ಒಂದೇ, ಕೊಳ್ಳದಿದ್ದರೂ ಒಂದೇ,” ಎಂದು ವೇದಾಂತಿಯಂತೆ ನೋಟುಬುಕ್ಕು ಮುಚ್ಚಿದರು. ತರಚಿದ ಹನ್ನೊಂದು ಮರಗಳನ್ನೂ, ಹದ ಮಳೆ ಬಿದ್ದ ದಿನ ಬಾಡಿಗೆಯವನು “ನಾಳೆ ಬರುತ್ತೇನೆ” ಎಂದು ಐದು ದಿನ ಹೇಳಿದ್ದರಿಂದ ಆರಿಹೋದ ರಾಗಿ ಹೊಲವನ್ನೂ ಯಾವ ಖಾತೆಗೆ ಬರೆದಿದ್ದೀರಿ ಎಂದು ನಾನು ಕೇಳಿದಾಗ ನೋಟುಬುಕ್ಕು ಮತ್ತೆ ತೆರೆದುಕೊಂಡಿತು.

“ಇನ್ನೊಂದು ಲೆಕ್ಕವಿದೆ,” ಎಂದರು. “ಟ್ರ್ಯಾಕ್ಟರಿನ ಆಯಸ್ಸನ್ನು ಲೆಕ್ಕಕ್ಕೆಂದು 10,000 ಗಂಟೆ ಎಂದು ಹಿಡಿಯುವ ರೂಢಿಯಿದೆ. ವರ್ಷಕ್ಕೆ 60 ಗಂಟೆಯಂತೆ ಓಡಿಸಿದರೆ ನಿಮ್ಮ ಗಾಡಿ 166 ವರ್ಷ 8 ತಿಂಗಳು ಬರುತ್ತದೆ. ಬಾಳಿಕೆಯ ಚಿಂತೆಯೇ ನಿಮಗೆ ಬೇಡ, ಬೇಕಾಗಿರುವುದು ಉಯಿಲು.”

ಎಲ್ಲರೂ ನಕ್ಕರೂ ಸಾಬರು ನಗಲಿಲ್ಲ. ಅವರು ಅಂದು ಹೇಳಿದ್ದೇ ಈ ನಾಲ್ಕು ತಿಂಗಳಲ್ಲಿ ನನಗೆ ದಕ್ಕಿದ ಗಟ್ಟಿ ಮಾತು. ದೊಡ್ಡ ಹಿಡುವಳಿಯ ಟ್ರ್ಯಾಕ್ಟರು ದುಡಿದು ಸಾಯುತ್ತದೆ, ಸಣ್ಣ ಹಿಡುವಳಿಯದು ನಿಂತು ಸಾಯುತ್ತದೆ. ವರ್ಷದಲ್ಲಿ ಮುನ್ನೂರು ದಿನ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರುಗಳನ್ನು ಇಲಿ ಕಡಿಯುತ್ತದೆ. ಅರ್ಧ ಖಾಲಿಯಿರುವ ಡೀಸೆಲ್ ಟ್ಯಾಂಕಿನ ಒಳಗೋಡೆಗೆ ತೇವ ಕಟ್ಟಿ, ನೀರು ತಳಕ್ಕಿಳಿದು ಪಂಪಿನ ತನಕ ತುಕ್ಕು ಹಿಡಿಸುತ್ತದೆ. ಬ್ಯಾಟರಿ ತಾನೇ ತಾನಾಗಿ ಇಳಿಯುತ್ತದೆ. ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ. ಆದ್ದರಿಂದ ನಿಲ್ಲಿಸುವಾಗ ಟ್ಯಾಂಕು ತುಂಬಿರಬೇಕು, ಹತ್ತು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಬೇಕು, ಗಂಟೆ ತುಂಬಲಿಲ್ಲವೆಂದು ಕಾಯದೆ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಲೇಬೇಕು. ಎಂಜಿನ್ನನ್ನು ಬೇಗ ಮುಗಿಸುವುದು ಕೆಲಸವಲ್ಲ, ಧೂಳು. ಒಣ ಹೊಲದಲ್ಲಿ ರೋಟವೇಟರ್ ಹೊಡೆದ ದಿನ ಏರ್ ಕ್ಲೀನರನ್ನು ಬಿಚ್ಚಿ ನೋಡದವನಿಗೆ ಯಾವ ಕಂಪನಿಯ ಗಾಡಿಯೂ ಬಾಳಿಕೆ ಬರುವುದಿಲ್ಲ. “ಬಿಚ್ಚಿ ಚಾಪೆ ಕೊಡವಿದಂತೆ ಟೈರಿಗೆ ಬಡಿಯಬೇಡಿ, ಕಾಗದದ ಮಡಿಕೆ ಹರಿಯುತ್ತದೆ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಬಿಡಿ,” ಎಂದು ತಮ್ಮ ಹೆಗಲ ಮೇಲಿದ್ದ ವಸ್ತ್ರವನ್ನೇ ಮಡಿಚಿ ತೋರಿಸಿದರು.

ನಡುವೆ ಹಳೆಯ ಗಾಡಿಯ ಆಸೆಯೂ ಹುಟ್ಟಿತ್ತು. ಅರಸೀಕೆರೆಯ ಕಡೆ ಒಬ್ಬರ ಮನೆಯಲ್ಲಿ ಹೆಚ್ಚು ಓಡದ ಗಾಡಿಯಿದೆ ಎಂದು ಕೇಳಿ ಐವರೂ ಹೋದೆವು. ಓಡಿದ ಗಂಟೆ ತೋರಿಸುವ ಅವರ್ ಮೀಟರಿನಲ್ಲಿ 612 ಗಂಟೆ ಇತ್ತು, ಬಣ್ಣ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ನಾನಂತೂ ಮನಸ್ಸಿನಲ್ಲೇ ಹಾರ ಹಾಕಿಬಿಟ್ಟಿದ್ದೆ. ಸಾಬರು ಮಾತನಾಡದೆ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟರು, ಬಿಸಿಯಿತ್ತು. ತಣ್ಣಗಿದ್ದಾಗ ಶುರುವಾಗಲು ಸತಾಯಿಸುವ ಗಾಡಿಯನ್ನು ಗಿರಾಕಿ ಬರುವ ಮೊದಲೇ ಓಡಿಸಿ ಇಟ್ಟಿರುತ್ತಾರೆಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಕ್ಲಚ್ ಪೆಡಲಿನ ರಬ್ಬರನ್ನು ತೋರಿಸಿದರು. 612 ಗಂಟೆಯಲ್ಲಿ ಕಾಲು ಅಷ್ಟು ಸವೆಸಬೇಕಾದರೆ ಓಡಿಸಿದವನು ಬೂಟಿನ ಬದಲು ಲಾಳ ಹೊಡೆಸಿಕೊಂಡಿರಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆಗೆದರೆ ಬೀಡಿ ಸೇದುವವನ ಬಾಯಿಂದ ಬರುವಂತೆ ಹೊಗೆ ಭುಸುಭುಸು ಬಂತು, ಅದು ಪಿಸ್ಟನ್ ರಿಂಗು ಸವೆದಿರುವುದರ ಗುರುತು. ಕೊನೆಗೆ ರೋಟವೇಟರನ್ನು ಮೇಲೆತ್ತಿಸಿ ಎಂಜಿನ್ ಆರಿಸಿ, “ಕಾಫಿ ಕುಡಿಯೋಣ,” ಎಂದರು. ಆ ಮನೆಯವರು ಕೊಟ್ಟ ಕಾಫಿ ಬಹಳ ಚೆನ್ನಾಗಿತ್ತು. ಲೋಟ ಖಾಲಿಯಾಗುವಷ್ಟರಲ್ಲಿ ರೋಟವೇಟರು ದೇವರಿಗೆ ನಮಸ್ಕಾರ ಮಾಡುವ ಭಕ್ತನಂತೆ ಮೆಲ್ಲಮೆಲ್ಲಗೆ ಬಾಗಿ ನೆಲಕ್ಕೆ ತಾಗಿತ್ತು, ಹೈಡ್ರಾಲಿಕ್ಕಿನಲ್ಲಿ ಹಿಡಿತವಿರಲಿಲ್ಲ. ನಾವೂ ನಮಸ್ಕಾರ ಮಾಡಿ ಬಂದೆವು.

ಹೊಸದನ್ನೇ ಕೊಳ್ಳುವುದೆಂದಾದ ಮೇಲೆ ಕಾಗದ ಪತ್ರದ ಓಡಾಟ ಬೇಗ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದ್ದು ಕ್ಯಾಷಿಯರಿಗೆ ತಮ್ಮದೇ ಸಾಧನೆಯೆಂಬಷ್ಟು ಸಂತೋಷ ತಂದಿತ್ತು. ಸಹಾಯಧನದ ಅರ್ಜಿಗೆಂದು ಪಹಣಿ, ಆಧಾರ್, ರೈತರ ನೋಂದಣಿಯ ಎಫ್.ಐ.ಡಿ. ಸಂಖ್ಯೆ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬಂದದ್ದನ್ನು ವಿವರಿಸಿದರೆ ಅದೇ ಬೇರೊಂದು ಹರಟೆಯಾಗುತ್ತದೆ.

ಯಾವ ಕಂಪನಿಯದೆಂಬ ಕೊನೆಯ ತೀರ್ಮಾನವನ್ನು ಸಾಬರು ಷೋರೂಮಿನಲ್ಲಿ ಮಾಡಲಿಲ್ಲ. ನನ್ನನ್ನು ತಿಪಟೂರಿನ ಬಿಡಿಭಾಗದ ಅಂಗಡಿಗಳ ಮುಂದೆ ನಿಲ್ಲಿಸಿ, ಪ್ರತಿ ಗಾಡಿಯ ಹೆಸರು ಹೇಳಿ ಏರ್ ಫಿಲ್ಟರ್, ಫ್ಯಾನ್ ಬೆಲ್ಟ್, ಕ್ಲಚ್ ಪ್ಲೇಟ್, ಮುಂದಿನ ಚಕ್ರದ ಆಯಿಲ್ ಸೀಲ್ ಕೇಳಿಸಿದರು. “ಬೆಂಗಳೂರಿನಿಂದ ತರಿಸಬೇಕು” ಎಂಬ ಉತ್ತರ ಎರಡು ಸಲ ಬಂದ ಗಾಡಿಗೆ ಅಡ್ಡಗೆರೆ ಎಳೆದರು. ಕೈ ಚಾಚಿ ಹಲಗೆಯ ಮೇಲಿಂದ ನಾಲ್ಕನ್ನೂ ತೆಗೆದು ಇಟ್ಟದ್ದಕ್ಕೆ ಸೈ ಎಂದರು. ಹಾಗೆ ಗೆದ್ದದ್ದು 24 ಎಚ್.ಪಿ.ಯ, ನಾಲ್ಕು ಚಕ್ರಕ್ಕೂ ಎಳೆತವಿರುವ ಒಂದು ಗಾಡಿ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾವ ಅಳಿಯಂದಿರ ಜಗಳ ಮತ್ತೆ ಮೊದಲಾಗುತ್ತದೆ. ಟಾರು ರಸ್ತೆಗೆ ಬಂದೊಡನೆ ಮುಂದಿನ ಚಕ್ರದ ಎಳೆತವನ್ನು ಬಿಡಿಸಬೇಕು, ಇಲ್ಲವಾದರೆ ಮುಂದಿನ ಟೈರು ಪೆನ್ಸಿಲ್ ರಬ್ಬರಿನಂತೆ ಸವೆಯುತ್ತದೆ ಎಂದು ಸಾಬರು ನನ್ನಿಂದ ಮೂರು ಸಲ ಬಾಯಿಪಾಠ ಒಪ್ಪಿಸಿಕೊಂಡರು. ಮೇಷ್ಟ್ರ ಮೇಲೆ ಸೇಡು ತೀರಿಸಿಕೊಳ್ಳಲು ಊರಿನವರಿಗೆ ಇಂಥ ಅವಕಾಶ ಅಪರೂಪ.

ಗಾಡಿ ಬಂದು ಒಂದು ತಿಂಗಳಾದ ಸಂಜೆ ಎಲ್ಲರೂ ನಮ್ಮ ಮನೆಯ ಜಗಲಿಯ ಮೇಲೆ ಸೇರಿದ್ದೆವು. ಕ್ಯಾಷಿಯರು ಕೊಟ್ಟಿಗೆಗೆ ಹೋಗಿ ಅವರ್ ಮೀಟರ್ ನೋಡಿ ಬಂದು, 41 ಗಂಟೆ ಓಡಿದೆಯೆಂದು ಘೋಷಿಸಿದರು. ಅದರಲ್ಲಿ ನನ್ನ ಜಮೀನಿನದು ಒಂಬತ್ತು. ಕ್ಯಾಷಿಯರ ತೆಂಗಿನ ತೋಟದ್ದು ಆರು. ಹುಡುಗನ “ಕಲಿಕೆ”ಯದು ಏಳು. ಸಾಬರ ಭಾವಮೈದುನರದು ಐದು. ಉಳಿದ ಹದಿನಾಲ್ಕು, “ನನ್ನ ಗಾಡಿ ಅಡಿಕೆ ಸಾಲಿನಲ್ಲಿ ಸ್ವಲ್ಪ ಬಿಗಿಯಾಗುತ್ತದೆ ಮೇಷ್ಟ್ರೇ, ಒಂದರ್ಧ ಗಂಟೆ ಕೊಡಿ,” ಎಂದು ದಿನ ಬಿಟ್ಟು ದಿನ ಬಂದ ಗೌಡರದು.

“ನಿಂತು ಕೆಡುವ ಭಯವಂತೂ ತಪ್ಪಿತು,” ಎಂದು ಸಾಬರು ಮನಸಾರೆ ಸಂತೋಷಪಟ್ಟರು. “50 ಗಂಟೆಯ ಮೊದಲ ಸರ್ವೀಸಿಗೆ ಮುಂದಿನ ವಾರವೇ ಬರೆಸಿಬಿಡಿ.”

ಕ್ಯಾಷಿಯರು ನೋಟುಬುಕ್ಕಿನಲ್ಲಿ 166 ವರ್ಷ 8 ತಿಂಗಳನ್ನು ಹೊಡೆದುಹಾಕಿ ಹೊಸ ಲೆಕ್ಕ ಹಾಕತೊಡಗಿದರು. “ಇದೇ ವೇಗವಾದರೆ 20 ವರ್ಷ 4 ತಿಂಗಳು. ನಿಮಗೀಗ ಅರವತ್ತನಾಲ್ಕಲ್ಲವೇ? ಎಂಬತ್ತನಾಲ್ಕಕ್ಕೆ ಇಬ್ಬರೂ ಸರಿಯಾಗಿ…” ಎಂದು ಅವರು ವಾಕ್ಯವನ್ನು ಪೂರ್ತಿ ಮಾಡುವ ಮೊದಲೇ ಕೊಟ್ಟಿಗೆಯ ಕಡೆಯಿಂದ ಎಂಜಿನ್ ಶುರುವಾದ ಸದ್ದು ಕೇಳಿಸಿತು. ತಿರುಗಿ ನೋಡಿದರೆ, ಇಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದ ಗೌಡರು ಅಲ್ಲಿರಲಿಲ್ಲ.