ಲುಕ್ಲಾ ತಲುಪುವುದು ಹೇಗೆ? ರಾಮೇಛಾಪ್ ವಿಮಾನವೋ, ಜೀಪೋ?

ದಾವಣಗೆರೆ_ಬೆಣ್ಣೆ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಭಾವ (ಅಕ್ಕನ ಗಂಡ) ಅಕ್ಟೋಬರ್ ಕೊನೆಗೆ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟಿದ್ದೇವೆ. ನಡೆಯುವ ಬಗ್ಗೆ ಅಷ್ಟು ಚಿಂತೆ ಇಲ್ಲ. ತಲೆಬಿಸಿ ಆಗಿರುವುದು ನಡಿಗೆ ಶುರುವಾಗುವ ಊರು ಲುಕ್ಲಾಗೆ ಹೋಗಿ ಸೇರುವುದರಲ್ಲಿ.

ಏಜೆನ್ಸಿಯವರು ಫೋನಿನಲ್ಲಿ "ಕಠ್ಮಂಡುವಿನಿಂದ ಲುಕ್ಲಾಗೆ ಫ್ಲೈಟ್ ಸರ್, ಅರ್ಧ ಗಂಟೆ ಅಷ್ಟೇ" ಅಂದಿದ್ದರು. ಅವರು ಕಳಿಸಿದ ಪಿಡಿಎಫ್ ಓದಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ "ವಿಮಾನ ರಾಮೇಛಾಪ್‌ನಿಂದ, ರಾತ್ರಿ 1 ಗಂಟೆಗೆ ಹೋಟೆಲ್ ಬಿಡಬೇಕು" ಅಂತ ಇದೆ. ಇದೇನು ಲೆಕ್ಕ? ಇದರ ಮೇಲೆ ಭಾವನಿಗೆ ಯಾರೋ ಲುಕ್ಲಾ ರನ್‌ವೇ ವಿಡಿಯೋ ತೋರಿಸಿಬಿಟ್ಟಿದ್ದಾರೆ. "ನನಗೆ ಆ ಪುಟಾಣಿ ವಿಮಾನ ಬೇಡ, ಜೀಪಿನಲ್ಲೇ ಹೋಗೋಣ" ಅಂತ ಹಠ ಹಿಡಿದಿದ್ದಾರೆ. ಅಕ್ಕನೂ ಅವರ ಕಡೆಗೇ.

ತೊಂದರೆ ಏನೆಂದರೆ ಭಾವ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ರಜೆ ಒಂದು ದಿನವೂ ಮುಂದೆ ಹೋಗುವ ಹಾಗಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ, ಯಾವುದು ವಾಸಿ?

ಸಾಗರದ_ಟೀಚರ್:

ನಿಮ್ಮ ಏಜೆನ್ಸಿಯವರು ಫೋನಿನಲ್ಲಿ ಹೇಳದೇ ಬಿಟ್ಟಿದ್ದನ್ನು ಮೊದಲು ಹೇಳುತ್ತೇನೆ. ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇರುವುದು ಒಂದೇ ರನ್‌ವೇ. ವಸಂತಕಾಲದಲ್ಲಿ ಮತ್ತು ಅಕ್ಟೋಬರ್, ನವೆಂಬರ್‌ನಲ್ಲಿ ಚಾರಣಿಗರ ಜಾತ್ರೆ. ಅದಕ್ಕೇ ಆ ತಿಂಗಳುಗಳಲ್ಲಿ ಲುಕ್ಲಾ ವಿಮಾನಗಳನ್ನು ಹೆಚ್ಚಾಗಿ ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಬಿಡುತ್ತಾರೆ. ಅಲ್ಲಿಂದ ಹಾರಾಟ ಬರೀ 20 ನಿಮಿಷ. ಬೆಳಿಗ್ಗೆ ಅದೇ ವಿಮಾನ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಆದರೆ ಕಠ್ಮಂಡುವಿನಿಂದ ಮಂಥಲಿಗೆ ರಸ್ತೆಯಲ್ಲಿ 130 ಕಿ.ಮೀ. ಹತ್ತಿರ. ಏನಿಲ್ಲವೆಂದರೂ ನಾಲ್ಕೈದು ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕೆಂದರೆ ರಾತ್ರಿ ಒಂದಕ್ಕೆ ಎದ್ದು ಹೊರಡಲೇಬೇಕಲ್ವಾ?

ಆರಕ್ಕೇ ಯಾಕೆ ಅಂದರೆ, ಲುಕ್ಲಾದಲ್ಲಿ ಪೈಲಟ್ ಕಣ್ಣಿಗೆ ರನ್‌ವೇ ಕಂಡರೆ ಮಾತ್ರ ಇಳಿಸುತ್ತಾರೆ. ಮೋಡ ಕವಿದರೆ ವಿಮಾನ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಅಲ್ಲಿಗೆ ಆವತ್ತಿನ ಕತೆ ಮುಗಿಯಿತು. ಹಾಗಾಗಿ ಟಿಕೆಟ್ ಮಾಡಿಸುವಾಗ "ಮೊದಲನೇ ಅಥವಾ ಎರಡನೇ ಸರದಿಯಲ್ಲಿ ಕೊಡಿ" ಅಂತ ಒತ್ತಿ ಕೇಳಿ. ಐದನೇ ಸರದಿ ಸಿಕ್ಕಿದವರು ಮಂಥಲಿಯಲ್ಲಿ ಚಹಾ ಕುಡಿಯುತ್ತಾ ಆಕಾಶ ನೋಡುತ್ತಾ ಕೂರುವುದನ್ನು ನಾನೇ ಕಂಡಿದ್ದೇನೆ.

ಈಗ ಮುಖ್ಯ ವಿಷಯ. ಎಲ್ಲರೂ "ಜೀಪೋ, ವಿಮಾನವೋ" ಅಂತ ಕೇಳುತ್ತಾರೆ. ನಾನು ಕೇಳುವುದು, ತಡವಾದರೆ ಯಾವ ಕಡೆ ತಡವಾದರೆ ನಿಮಗೆ ನಷ್ಟ? ಹೋಗುವಾಗ ಒಂದು ದಿನ ಸಿಕ್ಕಿಬಿದ್ದರೆ ನಡಿಗೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ತೀರಾ ಆಗದಿದ್ದರೆ ಕಾಲಾ ಪತ್ಥರ್ (ಬೇಸ್ ಕ್ಯಾಂಪ್ ಹತ್ತಿರ ಎವರೆಸ್ಟ್ ನೋಡಲು ಹತ್ತುವ ಗುಡ್ಡ) ಬಿಟ್ಟು ಬರಬಹುದು. ಬರುವಾಗ ಲುಕ್ಲಾದಲ್ಲಿ ಸಿಕ್ಕಿಬಿದ್ದರೆ ಬೆಂಗಳೂರಿನ ವಿಮಾನ ತಪ್ಪುತ್ತದೆ, ನಿಮ್ಮ ಭಾವನ ಕ್ಯಾಷ್ ಕೌಂಟರ್ ಖಾಲಿ ಬೀಳುತ್ತದೆ. ಆದ್ದರಿಂದ ನಿಮ್ಮ ಬಳಿ ಇರುವ ಬಿಡುವಿನ ದಿನಗಳನ್ನೆಲ್ಲ ಕೊನೆಗೆ ಇಡಿ. ಎರಡು ದಿನವಾದರೂ ಇರಲಿ, ಮೂರಿದ್ದರೆ ಇನ್ನೂ ಒಳ್ಳೆಯದು. ಹವಾಮಾನ ಚೆನ್ನಾಗಿದ್ದರೆ ಕಠ್ಮಂಡು ಹತ್ತಿರದ ಪಾಟನ್, ಭಕ್ತಪುರ ನೋಡಿಕೊಂಡು ಬನ್ನಿ. ಹಾಳಾಗುವುದಿಲ್ಲ.

ಮತ್ತೆ, ಇಳಿಯುವಾಗ ಲುಕ್ಲಾ ತನಕ ಹೋಗಿ ಆಮೇಲೆ ಯೋಚನೆ ಮಾಡಬೇಡಿ. ಅದಕ್ಕೂ ಮೊದಲೇ ಸಿಗುವ ದೊಡ್ಡ ಊರು ನಾಮ್ಚೆಯಲ್ಲೇ ವಿಚಾರಿಸಿ. ಎರಡು ದಿನದಿಂದ ವಿಮಾನ ಹಾರಿಲ್ಲ ಅಂದರೆ ಲುಕ್ಲಾದಲ್ಲಿ ನಿಮಗಿಂತ ಮುಂದೆ ನೂರಾರು ಜನ ಕಾಯುತ್ತಿರುತ್ತಾರೆ. ಮೋಡ ಸರಿದ ತಕ್ಷಣ ಮೊದಲ ಸೀಟು ಆವತ್ತಿನ ಟಿಕೆಟ್ ಇದ್ದವರಿಗೆ. ಹಳೇ ಟಿಕೆಟಿನವರು ಕಾಯಬೇಕು. ಅಂಥ ಹೊತ್ತಲ್ಲಿ ಕೆಳಗೆ ಸುರ್ಕೆ ಕಡೆ ನಡೆದುಬಿಡಿ, ಜೀಪ್ ಸಿಗುತ್ತದೆ. ಹೆಲಿಕಾಪ್ಟರಿನವರು ಬಂದು "ಸೀಟ್ ಇದೆ" ಅನ್ನುತ್ತಾರೆ. ದುಬಾರಿ, ಅದಕ್ಕೂ ಆಕಾಶ ತಿಳಿಯಾಗಿರಬೇಕು.

ಭಾವನ ಭಯದ ಬಗ್ಗೆ ಒಂದು ಮಾತು. ನಗಬೇಡಿ. ಆ ರನ್‌ವೇ 527 ಮೀಟರ್ ಅಷ್ಟೇ. ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಕಣಿವೆ. ಇಳಿಯುವುದು ಏರುಮುಖವಾಗಿ, ಹಾರುವುದು ಇಳಿಜಾರಿನಲ್ಲಿ. ಎಡ್ಮಂಡ್ ಹಿಲರಿ 1964ರಲ್ಲಿ ಕಟ್ಟಿಸಿದಾಗ ಬರೀ ಮಣ್ಣು. ನೆಲ ಗಟ್ಟಿಯಾಗಲಿ ಅಂತ ಶೆರ್ಪಾಗಳನ್ನು ಕರೆಸಿ ಅದರ ಮೇಲೆ ಕುಣಿಸಿದ್ದರಂತೆ. ಡಾಂಬರು ಬಿದ್ದದ್ದು 2001ರಲ್ಲಿ. ನಮ್ಮ ವಿಮಾನದಲ್ಲಿ ಗಗನಸಖಿ ಒಂದು ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಕಿವಿಗೆ ಹತ್ತಿ ಹಿಡಿದು ಬಗ್ಗಿಕೊಂಡೇ ಬಂದಳು. ಛಾವಣಿ ಅಷ್ಟು ತಗ್ಗು. ಹತ್ತಿ ಇಟ್ಟುಕೊಂಡು ಪೆಪ್ಪರ್‌ಮಿಂಟು ಕರಗುವಷ್ಟರಲ್ಲಿ ಲುಕ್ಲಾ ಬಂದಿತ್ತು. ನನ್ನ ಪಕ್ಕದವರು ಇಡೀ ದಾರಿ ಕಣ್ಣು ಬಿಡಲಿಲ್ಲ, ಬೆಟ್ಟವೆಲ್ಲ ನನ್ನ ಪಾಲಿಗೇ ಬಂತು. ಹೋಗುವಾಗ ಎಡಗಡೆ ಕೂತುಕೊಳ್ಳಿ, ಹಿಮಾಲಯ ಆ ಕಡೆಗೇ.

ಕೊಪ್ಪದ_ಕಾಫಿ:

ಟೀಚರ್ ಹೇಳಿದ್ದಕ್ಕೆ ಜೀಪಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾವು ಗೆಳೆಯರು ಎರಡೂ ಕಡೆ ಜೀಪಿನಲ್ಲೇ ಹೋಗಿ ಬಂದವರು. ದುಡ್ಡು ಉಳಿಯಿತು, ಸೊಂಟ ಉಳಿಯಲಿಲ್ಲ.

ಶೇರ್ ಜೀಪ್ ಕಠ್ಮಂಡುವಿನ ಚಾಬಹಿಲ್‌ನಿಂದ ಬೆಳಗಿನ ಜಾವ ಹೊರಡುತ್ತದೆ. ಸಲ್ಲೇರಿ ಸೇರುವಷ್ಟರಲ್ಲಿ ಕತ್ತಲೆ. ಅಲ್ಲಿ ರಾತ್ರಿ ಉಳಿದು ಮರುದಿನ ಬೇರೆ ಜೀಪ್ ಹಿಡಿಯಬೇಕು. ಅಲ್ಲಿಂದ ಮುಂದೆ ರಸ್ತೆ ಅನ್ನುವುದು ಮಾತಿಗೆ ಮಾತ್ರ. ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೀರು. ಮಳೆ ಬಂದರೆ ಜೀಪ್ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ನಿಮ್ಮ ನಡಿಗೆ ಶುರು. ಒಣಗಿದ ದಿನಗಳಲ್ಲಿ ಸುರ್ಕೆ ಹತ್ತಿರದ ತನಕ ಹೋಗುತ್ತದೆ. ಡ್ರೈವರ್ "ಸುರ್ಕೆ ಸುರ್ಕೆ" ಅಂತ ಕೂಗಿದರೂ ಹತ್ತುವ ಮುಂಚೆ ಇನ್ನಿಬ್ಬರನ್ನು ಕೇಳಿ.

ಲಾಭವೂ ಇದೆ. ಮಂಥಲಿ ಇರುವುದು 500 ಮೀಟರಿಗೂ ಕೆಳಗೆ, ಲುಕ್ಲಾ 2,845 ಮೀಟರ್. ವಿಮಾನದವರು 20 ನಿಮಿಷದಲ್ಲಿ ಅಷ್ಟು ಏರಿಬಿಡುತ್ತಾರೆ. ನಾವು ಸಲ್ಲೇರಿಯಲ್ಲಿ ಮಲಗಿ ನಿಧಾನಕ್ಕೆ ಏರಿದೆವು, ನಾಮ್ಚೆಯಲ್ಲಿ ಯಾರಿಗೂ ಎತ್ತರದ ತಲೆನೋವು ಬರಲಿಲ್ಲ. ಸುರ್ಕೆಯಿಂದ ಚೌರಿಖರ್ಕಾ ಹಳ್ಳಿಯ ಮೂಲಕ ಹೋದರೆ ಲುಕ್ಲಾ ಊರಿಗೇ ಹೋಗದೆ ಬೇಸ್ ಕ್ಯಾಂಪಿನ ದೊಡ್ಡ ದಾರಿ ಸೇರಬಹುದು. ಆ ದಾರಿಯಲ್ಲಿ ಹೇಸರಗತ್ತೆಗಳ ಸಾಲು ಜಾಸ್ತಿ. ಗಂಟೆ ಸದ್ದು ಕೇಳಿದ ಕೂಡಲೇ ಗುಡ್ಡದ ಕಡೆಗೆ ಒರಗಿ ನಿಲ್ಲಿ, ಕಣಿವೆ ಕಡೆಗೆ ಬೇಡ. ಮೂಟೆ ತಗುಲಿದರೆ ಕೆಳಗೆ ಹೋಗುವವರು ನೀವು, ಅದಲ್ಲ.

ಆದರೆ ಜೀಪಿನಲ್ಲಿ ಹೋಗಬೇಕೆಂದರೆ ಎರಡೂ ಕಡೆ ಸೇರಿ ನಾಲ್ಕು ದಿನವಾದರೂ ಹೆಚ್ಚು ಬೇಕು. ಅಳತೆ ರಜೆಯ ಭಾವನವರಿಗೆ ಇದು ಆಗುವ ಮಾತಲ್ಲ.

ಜಯನಗರ_ನಾಲ್ಕನೇ_ಬ್ಲಾಕ್:

ಎರಡು ವಿಷಯ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಚೆಕ್‌ಇನ್ ಕೌಂಟರಿನಲ್ಲಿ ಒಬ್ಬರು ಆಧಾರ್ ಹಿಡಿದು ಜಗಳ ಆಡುತ್ತಿದ್ದರು, ಅವರನ್ನು ಬಿಟ್ಟೇ ವಿಮಾನ ಹೊರಟಿತು.

ಎರಡನೆಯದು ಟಿಕೆಟ್ ದರ. ನೇಪಾಳದ ಒಳಗಿನ ವಿಮಾನಗಳಲ್ಲಿ ನೇಪಾಳಿಗಳಿಗೆ ಒಂದು ದರ, ಭಾರತೀಯರಿಗೆ ಒಂದು, ಉಳಿದ ವಿದೇಶಿಯರಿಗೆ ಡಾಲರಿನಲ್ಲಿ ಇನ್ನೊಂದು. ನಮಗೆ ಒಬ್ಬ ಏಜೆಂಟ್ ಡಾಲರ್ ದರವನ್ನೇ ಹಾಕಿದ್ದ. "ಇಂಡಿಯನ್ ಫೇರ್ ಎಷ್ಟು?" ಅಂತ ಕೇಳಿದ ಮೇಲೆ "ಓ, ಸಾರಿ ಸರ್" ಅಂದ. ಪ್ಯಾಕೇಜಿನಲ್ಲಿ ಎಲ್ಲ ಸೇರಿಸಿ ಬರೆದಿದ್ದರೂ ಬಿಡಿಸಿ ಕೇಳಿ. ದಾರಿಯಲ್ಲಿ ಸಿಗುವ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕವೂ ನಮ್ಮಂಥ ಸಾರ್ಕ್ ದೇಶದವರಿಗೆ ಕಡಿಮೆ.

ದಾವಣಗೆರೆ_ಬೆಣ್ಣೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಬರೆದದ್ದನ್ನು ಭಾವನಿಗೆ ಓದಿ ಹೇಳಿದೆ. ಕ್ಯಾಷ್ ಕೌಂಟರ್ ಮಾತು ನಾಟಿತು, ವಿಮಾನಕ್ಕೆ ಒಪ್ಪಿದ್ದಾರೆ. ಬಿಡುವಿನ ದಿನ ಎರಡು ಕೊನೆಗೆ ಇಟ್ಟಿದ್ದೇವೆ. ಇನ್ನು ಲಗೇಜ್? ಅಕ್ಕ ಈಗಲೇ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಅಂತ ಕಟ್ಟುವುದಕ್ಕೆ ಶುರು ಮಾಡಿದ್ದಾಳೆ. ಮತ್ತೆ ಭಾವನಿಗೆ ಘಾಟಿ ರಸ್ತೆಯಲ್ಲಿ ವಾಂತಿ ಬರುತ್ತದೆ.

ಸಾಗರದ_ಟೀಚರ್:

ಲುಕ್ಲಾ ವಿಮಾನದಲ್ಲಿ ಸಾಮಾನ್ಯವಾಗಿ ದೊಡ್ಡ ಬ್ಯಾಗ್ 10 ಕೆ.ಜಿ., ಕೈಚೀಲ 5 ಕೆ.ಜಿ. ಮಂಥಲಿಯಲ್ಲಿ ಎಲ್ಲರ ಮುಂದೆಯೇ ತೂಗುತ್ತಾರೆ. ಭಾರ ಜಾಸ್ತಿಯಾದವರು ಅಲ್ಲೇ ಬ್ಯಾಗ್ ಬಿಚ್ಚಿ ಜಾಕೆಟ್ ಮೇಲೆ ಜಾಕೆಟ್ ಹಾಕಿಕೊಂಡು, ಜೇಬಿಗೆ ಚಾರ್ಜರು, ಪವರ್ ಬ್ಯಾಂಕು ತುರುಕಿಕೊಳ್ಳುತ್ತಾರೆ. ಚಟ್ನಿಪುಡಿ ಖಂಡಿತ ಒಯ್ಯಿರಿ, ಮೇಲೆ ದಿನಾ ದಾಲ್ ಭಾತ್ ತಿಂದು ಬೇಜಾರಾದಾಗ ಅದೇ ಗತಿ. ಚಕ್ಕುಲಿ ಪುಡಿಯಾಗುತ್ತದೆ. ಮಂಡಕ್ಕಿಗೆ ತೂಕ ಇಲ್ಲ, ಆದರೆ ಬ್ಯಾಗಿನಲ್ಲಿ ಜಾಗ ಎಲ್ಲಿದೆ? ಬೇಡದ ಬಟ್ಟೆಯನ್ನು ಕಠ್ಮಂಡು ಹೋಟೆಲಿನಲ್ಲೇ ಬಿಡಿ, ಬರುವ ತನಕ ಇಟ್ಟುಕೊಳ್ಳುತ್ತಾರೆ.

ವಾಂತಿಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮಂಥಲಿಗೆ ಹೋಗುವುದು ಬಿಪಿ ಹೆದ್ದಾರಿಯಲ್ಲಿ. ಜಪಾನಿನವರ ನೆರವಿನಿಂದ ಕಟ್ಟಿದ್ದು, ಕಿರಿದು, ಚಾರ್ಮಾಡಿಯ ಹಾಗೆ ತಿರುವಿನ ಮೇಲೆ ತಿರುವು. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ರೋಶಿ ನದಿ ಪಕ್ಕದ ಭಾಗ ಕೊಚ್ಚಿಹೋಗಿತ್ತು. ಹೊರಡುವ ಹಿಂದಿನ ದಿನ ರಸ್ತೆ ಹೇಗಿದೆ ಅಂತ ಹೋಟೆಲಿನವರನ್ನು ಕೇಳಿ, ಕೆಟ್ಟಿದೆ ಅಂದರೆ ಇನ್ನೂ ಒಂದು ಗಂಟೆ ಮುಂಚೆ ಬಿಡಿ. ಇಲ್ಲವಾದರೆ ಹಿಂದಿನ ದಿನ ಹಗಲಲ್ಲೇ ಹೋಗಿ ಮಂಥಲಿಯಲ್ಲಿ ಮಲಗಿಬಿಡಿ. ಲಾಡ್ಜ್ ಸಾಧಾರಣ, ಆದರೆ ನಿದ್ದೆ ಸಿಗುತ್ತದೆ. ನಿಮ್ಮ ಭಾವನಿಗೆ ನನ್ನ ಪ್ರಕಾರ ಇದೇ ಸರಿ. ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಅವರಿಗೆ ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ.