ಪದಚರ್ಚೆ: ಬತ್ತೇರಿ, ಬುರುಜು, ಕೊತ್ತಲ ಮೂರೂ ಒಂದೇನಾ?

ಪ್ರಶ್ನೆ:

ನಮಸ್ಕಾರ. ಕರಾವಳಿ ಕೋಟೆಗಳ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಬೇಕಲ, ಮಿರ್ಜಾನ, ಮಂಗಳೂರಿನ ಸುಲ್ತಾನ್ ಬತ್ತೇರಿ ಮೂರೂ ಅದರಲ್ಲಿವೆ. ಮೂಲದಲ್ಲಿ ಬ್ಯಾಸ್ಟಿಯನ್, ಬ್ಯಾಟರಿ, ಟವರ್ ಎಂದು ಬೇರೆಬೇರೆ ಪದಗಳಿದ್ದರೂ ಕರಡಿನಲ್ಲಿ ಎಲ್ಲದಕ್ಕೂ 'ಬುರುಜು' ಎಂದೇ ಬಿದ್ದಿದೆ. ನಿಘಂಟು ನೋಡಿದರೆ ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟಿದ್ದಾರೆ. ಮೂರಕ್ಕೂ ವ್ಯತ್ಯಾಸ ಉಂಟೇ? ಇನ್ನೊಂದು: ಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ತೂತುಗಳಿಗೆ 'ರಂಧ್ರ' ಎಂದು ಬರೆದಿದ್ದೇನೆ. ಓದಿದರೆ ಗೋಡೆ ಸೋರುತ್ತಿದೆ ಅನ್ನಿಸುತ್ತದೆ. ಒಳ್ಳೆಯ ಪದ ಇದ್ದರೆ ತಿಳಿಸಿ.

ಉತ್ತರ:

ವ್ಯತ್ಯಾಸ ಉಂಟು. ಕೊತ್ತಲ, ಬುರುಜು ಇವು ಕಟ್ಟಡದ ಹೆಸರು. ಬತ್ತೇರಿ ಅಲ್ಲಿ ನಡೆಯುವ ಕೆಲಸದ ಹೆಸರು. ಇದೊಂದು ಹಿಡಿದುಕೊಂಡರೆ ಕರಡಿನ ಮುಕ್ಕಾಲು ಗೊಂದಲ ಕಳೆಯುತ್ತದೆ.

ಕೋಟೆಗೋಡೆ ನೆಟ್ಟಗೆ ಸಾಗುತ್ತ ಮೂಲೆಗಳಲ್ಲಿ, ನಡುನಡುವೆ ಹೊರಕ್ಕೆ ಉಬ್ಬಿರುತ್ತದಲ್ಲ, ಆ ಉಬ್ಬು ಕೊತ್ತಲ, ನಿಮ್ಮ ಮೂಲದ ಬ್ಯಾಸ್ಟಿಯನ್. ಉಬ್ಬು ಅಂದಕ್ಕೆ ಮಾಡಿದ್ದಲ್ಲ. ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡವನನ್ನು ಹೊಡೆಯಬೇಕಾದರೆ ಮೇಲಿರುವವನು ಹೊರಕ್ಕೆ ಬಗ್ಗಬೇಕು, ಬಗ್ಗಿದರೆ ಅವನ ತಲೆಯೇ ಶತ್ರುವಿನ ಗುರಿ. ಪಕ್ಕದ ಕೊತ್ತಲದಲ್ಲಿ ನಿಂತವನಿಗೆ ಆ ತೊಂದರೆಯಿಲ್ಲ, ಗೋಡೆಯ ಉದ್ದಕ್ಕೂ ಅಡ್ಡಲಾಗಿ ಗುಂಡು ಹಾರಿಸುತ್ತಾನೆ. ಹಾಗಾಗಿ ಗೋಡೆಗೆ ಸೇರಿಕೊಂಡಿರದ ಕೊತ್ತಲ ಎಂಬುದಿಲ್ಲ. ತಮಿಳಿನಲ್ಲೂ ಇದು ಕೊತ್ತಳಂ. ನಮ್ಮ 'ಕೋಟೆ ಕೊತ್ತಲ' ಎಂಬ ಜೋಡುನುಡಿಯೂ ಈ ಸಂಬಂಧವನ್ನೇ ಹೇಳುತ್ತದೆ.

ಬುರುಜು ಅರಬ್ಬಿಯ ಬುರ್ಜ್, ಅಂದರೆ ಗೋಪುರ. ಅದಕ್ಕೆ ಗೋಡೆ ಬೇಕೇಬೇಕು ಎಂದೇನಿಲ್ಲ. ವಿಜಯಪುರದಲ್ಲಿ ಎರಡೂ ಬಗೆ ಕಣ್ಣೆದುರಿಗೇ ಇವೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಕೂತಿರುವ ಷೇರ್ಜಾ ಬುರುಜು ಊರಗೋಡೆಗೆ ಸೇರಿದ್ದು, ಅದನ್ನು ಕೊತ್ತಲ ಎಂದರೂ ತಪ್ಪಿಲ್ಲ. 1584ರ ಸುಮಾರಿನ ಉಪ್ಪಲಿ ಬುರುಜು ಹಾಗಲ್ಲ. ಗೋಡೆಯಿಂದ ದೂರ, ಎತ್ತರದ ಜಾಗದಲ್ಲಿ ಒಂಟಿಯಾಗಿ ನಿಂತಿದೆ, ಎತ್ತರ ಸುಮಾರು 80 ಅಡಿ, ಹೊರಮೈಗೆ ಸುತ್ತಿಕೊಂಡು ಮೆಟ್ಟಿಲು. ಅದನ್ನು ಕೊತ್ತಲ ಎನ್ನಲಾಗದು.

ಇನ್ನು ಬತ್ತೇರಿ. ಇದರ ಬೇರು ಹೊಡೆ, ಬಡಿ ಎಂಬರ್ಥದ ಫ್ರೆಂಚ್ ಕ್ರಿಯಾಪದ. ಒಂದೇ ಗುರಿಯನ್ನು ಬಡಿಯಲು ಸಾಲಾಗಿ ಹೂಡಿದ ತೋಪುಗಳು, ಅವನ್ನು ಹೂಡಿದ ಜಾಗ, ಎರಡಕ್ಕೂ ಇದೇ ಹೆಸರು. ಜಾಗ ಕೊತ್ತಲದ ನೆತ್ತಿಯಾಗಿರಬಹುದು, ಬರೀ ಮಣ್ಣಿನ ದಿಣ್ಣೆಯೂ ಆಗಿರಬಹುದು. ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೆಸರು ಸರಿಯಾಗಿ ಒಪ್ಪುವುದು ಇದರಿಂದಲೇ. ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲುಗೋಪುರ ಅದು, ಗುರುಪುರ ನದಿಯ ದಂಡೆಯಲ್ಲಿದೆ, ಆಚೆ ದಡ ತಣ್ಣೀರುಬಾವಿ. ಹಗೆಯ ಹಡಗು ನದಿಯೊಳಕ್ಕೆ ನುಗ್ಗದಂತೆ ತಡೆಯುವುದೇ ಅದರ ಕೆಲಸ. ಸುತ್ತ ತೋಪು ಹೂಡಲು ಕಂಡಿಗಳು, ನೆಲದಡಿಯಲ್ಲಿ ಸಿಡಿಮದ್ದು ಇಡುವ ಕೋಣೆ. ನೋಡಲು ಪುಟ್ಟ ಕೋಟೆಯಂತಿದ್ದರೂ ಅದು ಕೋಟೆಯಲ್ಲ, ಯಾವ ಕೋಟೆಯ ಕೊತ್ತಲವೂ ಅಲ್ಲ. ನಿಮ್ಮ ಕರಡಿನಲ್ಲಿ 'ಸುಲ್ತಾನ್ ಬತ್ತೇರಿ ಎಂಬ ಕೋಟೆಯ ಬುರುಜು' ಎಂದೇನಾದರೂ ಇದ್ದರೆ ಮೊದಲು ಅದನ್ನು ಹೊಡೆದುಹಾಕಿ.

ವಯನಾಡಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ. ಅಲ್ಲಿ ಹುಡುಕಿದರೂ ಬುರುಜು ಸಿಗದು. ಗಣಪತಿವಟ್ಟಂ ಎಂಬ ಊರಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡು ಇಡಲು ಬಳಸಿತು, ಊರಿಗೇ ಆ ಹೆಸರು ಅಂಟಿತು. ಕೆಲಸದಿಂದ ಬಂದ ಹೆಸರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಅಂದಹಾಗೆ ಕತ್ತಲಲ್ಲಿ ಹಿಡಿದು ನಡೆಯುವ ಬ್ಯಾಟ್ರಿಯೂ ಇದೇ ಪದ. 18ನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿದ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ತೋಪಿನ ಸಾಲಿನ ಹೆಸರನ್ನೇ ಅದಕ್ಕಿಟ್ಟ. ಒಂದೇ ಪದ ನಮ್ಮಲ್ಲಿಗೆ ಎರಡು ವೇಷದಲ್ಲಿ ಬಂದಿದೆ.

ಇನ್ನೊಬ್ಬರು:

ಮೇಲಿನದನ್ನು ಪೂರ್ತಿ ಒಪ್ಪಲಾರೆ. ಚಿತ್ರದುರ್ಗದಲ್ಲಿ ಬತೇರಿ ಎಂದರೆ ಬುರುಜೇ. ಲಾಲ್ ಬತೇರಿ, ಝಂಡಾ ಬತೇರಿ ಎಂದು ಹೆಸರುಗಳೇ ಇವೆ. ಬಾವುಟ ಹಾರಿಸುವ ಜಾಗಕ್ಕೂ ಬತೇರಿ ಎಂದಾಗ 'ತೋಪಿನ ಸಾಲು' ಎಂಬ ಮೂಲಾರ್ಥ ಹಿಡಿದು ಕೂರುವುದೇಕೆ? ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಜನ ಹೇಗೆ ಬಳಸುತ್ತಾರೆ ಅನ್ನುವುದು ದೊಡ್ಡದು.

ಉತ್ತರ:

ಒಪ್ಪಿದೆ. ಬಯಲುಸೀಮೆಯಲ್ಲಿ ತೋಪು ಇಟ್ಟ ಜಾಗದ ಹೆಸರು ಆ ಜಾಗದ ಕಟ್ಟಡಕ್ಕೇ ಸಂದಿದೆ. ಹೆಸರಾಗಿ ನಿಂತದ್ದನ್ನು ಮುಟ್ಟಬಾರದು, ಝಂಡಾ ಬತೇರಿ ಹಾಗೆಯೇ ಇರಲಿ. ನಾನು ಹೇಳಿದ್ದು ವಿವರಣೆಯ ವಾಕ್ಯಕ್ಕೆ. ಕೈಪಿಡಿ ಓದಿಕೊಂಡು ಸ್ಥಳದಲ್ಲಿ ನಿಂತವನಿಗೆ ಯಾವುದು ಗೋಡೆಗೆ ಸೇರಿದ್ದು, ಯಾವುದು ಒಂಟಿ, ತೋಪು ಎಲ್ಲಿತ್ತು ಎಂಬುದು ತಿಳಿಯಬೇಕು. ಆ ಮೂರಕ್ಕೆ ಮೂರು ಪದ ಕೈಯಲ್ಲಿರುವಾಗ ಒಂದರಲ್ಲೇ ಮುಗಿಸುವುದು ಯಾಕೆ?

ಈಗ ತೂತಿನ ಮಾತು. 'ಕಿಂಡಿ' ಸಾಕು, ಸೊಗಸಾಗಿಯೂ ಇದೆ. ಉಡುಪಿಯ ಕನಕನ ಕಿಂಡಿಯಿಂದಾಗಿ ಎಲ್ಲರಿಗೂ ಗೊತ್ತಿರುವ ಪದ. ಆದರೆ ಕೋಟೆಯಲ್ಲಿ ಎರಡು ಬಗೆಯವು ಇರುತ್ತವೆ, ಅವುಗಳ ಆಕಾರ ಒಂದಕ್ಕೊಂದು ತಿರುಗುಮುರುಗು. ಕೋವಿಯ ಕಿಂಡಿ ಹೊರಗೆ ಕಿರಿದು, ಒಳಗೆ ಅಗಲ. ಒಳಗಿರುವವನು ಎಡಕ್ಕೂ ಬಲಕ್ಕೂ ಸರಿದು ಗುರಿ ಹಿಡಿಯಬೇಕು, ಹೊರಗಿನವನಿಗೆ ಮಾತ್ರ ಬೆರಳಗಲದ ಸೀಳು ಕಾಣಬೇಕು. ತೋಪಿನ ಕಂಡಿ ಸಾಮಾನ್ಯವಾಗಿ ಹೊರಕ್ಕೆ ಅಗಲವಾಗುತ್ತ ಹೋಗುತ್ತದೆ. ಕೊಳವೆಯ ಬಾಯಿಂದ ಗುಂಡಿನ ಜೊತೆ ಬೆಂಕಿ, ಗಾಳಿಯ ಹೊಡೆತವೂ ನುಗ್ಗುತ್ತದೆ. ಹೊರಬಾಯಿ ಇಕ್ಕಟ್ಟಾದರೆ ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಅದರ ಕೆನ್ನೆಯ ಕಲ್ಲೇ ಸಡಿಲವಾಗುತ್ತದೆ. ಮೊದಲನೆಯದಕ್ಕೆ 'ಕೋವಿಗಿಂಡಿ', ಎರಡನೆಯದಕ್ಕೆ 'ತೋಪುಗಂಡಿ' ಎಂದು ನನ್ನ ಸಲಹೆ. ಮರಾಠಿಯವರು ಮೊದಲನೆಯದಕ್ಕೆ ಜಂಗ್ಯಾ ಅನ್ನುತ್ತಾರೆ. ಕರಾವಳಿಯ ಓದುಗರಿಗೆ ಅದು ಒಗ್ಗದು.

ಬೇಕಲದಲ್ಲಿ ಇದು ಇನ್ನೂ ಚೆನ್ನ. ಕೆಳದಿಯ ಶಿವಪ್ಪ ನಾಯಕನ ಕಾಲದ, ಸುಮಾರು 1650ರ ಕೋಟೆ, ಹರವು 40 ಎಕರೆಯ ಸುಮಾರು. ಹೊರಗೋಡೆಯ ಕಿಂಡಿಗಳನ್ನು ಮೂರು ಮಟ್ಟದಲ್ಲಿ ಬಿಟ್ಟಿದ್ದಾರೆ. ಮೇಲಿನದು ದೂರದ ಗುರಿಗೆ, ನಡುವಿನದು ಹತ್ತಿರ ಬಂದವರಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಕೊನೆಯದು ಯಾಕೆ ಬೇಕಾಯಿತು? ನಮ್ಮ ಕೊತ್ತಲಗಳು ಹೆಚ್ಚಾಗಿ ದುಂಡಗಿನವು. ದುಂಡು ಕೊತ್ತಲದ ಮೂತಿಯ ಎದುರು, ಬುಡದಲ್ಲಿ, ಪಕ್ಕದ ಕೊತ್ತಲದ ಗುಂಡೂ ತಲುಪದ ಒಂದು ಕುರುಡು ಜಾಗ ಉಳಿಯುತ್ತದೆ. ಯುರೋಪಿನವರು ಇದನ್ನು ತಪ್ಪಿಸಲು ಕೊತ್ತಲವನ್ನೇ ಬಾಣದ ಮೊನೆಯಂತೆ ಚೂಪು ಮಾಡಿದರು. ಬೇಕಲದಲ್ಲಿ ಆ ಕೊರತೆಯನ್ನು ತುಂಬುವ ಕೆಲಸಕ್ಕೆ ಬರುವುದು ಕೆಳಗಿನ ಕಿಂಡಿ. ಹಾಗಾಗಿ 'ಮೂರು ಸಾಲು ರಂಧ್ರಗಳು' ಎಂದು ಬರೆದು ಮುಂದೆ ಹೋಗಬೇಡಿ. 'ಮೇಲ್ಗಿಂಡಿ, ನಡುಗಿಂಡಿ, ಕೆಳಗಿಂಡಿ' ಎಂದರೆ ಕೆಲಸವೂ ತಿಳಿಯುತ್ತದೆ. ಬೇಕಲದ ನಡುವಿನ ಎತ್ತರದ ಕಟ್ಟಡಕ್ಕೆ ಬುರುಜು ಎನ್ನಬಹುದು, 'ಕಾವಲುಬುರುಜು' ಎಂದು ಬಿಡಿಸಿ ಹೇಳುವುದು ಮೇಲು.

ಕರಡಿನಲ್ಲಿ ಬರಬಹುದಾದ ಇನ್ನು ಕೆಲವು. ಗೋಡೆಯ ನೆತ್ತಿಯ ಹಲ್ಲಿನಂಥ ಸಾಲಿಗೆ 'ತೆನೆ' ಎಂಬ ಹಳೆಯ ಪದವೇ ಇದೆ, ಕೋಟೆತೆನೆ ಎಂದರೆ ಜೋಳದ ತೆನೆಯೊಂದಿಗೆ ಗೊಂದಲವಾಗದು. ಕಂದಕ ಸಂಸ್ಕೃತದಂತೆ ಕಂಡರೂ ಅರಬ್ಬಿಯ ಖಂದಕ್, ಅದರ ಹಿಂದೆ ಪಾರಸಿಯ 'ತೋಡಿದ್ದು' ಎಂಬ ಪದ. ಅಚ್ಚಗನ್ನಡದ್ದು 'ಅಗಳು'. ಮಲೆನಾಡಿನಲ್ಲಿ ತೋಟದ ಸುತ್ತ ದನ ನುಗ್ಗದಂತೆ ಇಂದಿಗೂ ಅಗಳು ಹೊಡೆಸುತ್ತಾರೆ. ಎರಡರಲ್ಲೂ ನೀರು ಇರಲೇಬೇಕೆಂದಿಲ್ಲ, ನೀರಿದ್ದರೆ 'ನೀರಗಳು' ಎನ್ನಿ. ತೋಪಿಗೆ ಮಾವಿನತೋಪಿನ ಕಾಟ ಇದೆ, ಫಿರಂಗಿಗೆ ಪರಂಗಿ ಹಣ್ಣಿನದು. ಸಂದರ್ಭ ನೋಡಿ ಬಳಸಿ.

'ಶಸ್ತ್ರಾಗಾರ' ಕಂಡಲ್ಲೆಲ್ಲ ಅಲ್ಲಿ ಇಡುತ್ತಿದ್ದುದು ಆಯುಧವೋ ಸಿಡಿಮದ್ದೋ ಎಂದು ನಿಂತು ಯೋಚಿಸಿ. ಮದ್ದು ಇಡುವ ಜಾಗಕ್ಕೆ 'ಮದ್ದಿನಮನೆ' ಎಂಬ ಒಳ್ಳೆಯ ಪದ ಇದೆ. ಅದರ ಕಷ್ಟ ಎರಡು: ಕಿಡಿ ಮತ್ತು ತೇವ. ಕತ್ತಿ, ಕೋವಿ ಇಡುವ ಕೋಣೆಗೆ ಗೋಡೆ ಅಷ್ಟು ದಪ್ಪ ಬೇಡ, ಗಾಳಿಕಿಂಡಿಯನ್ನು ನೇರವಾಗಿ ಬಿಡದೆ ಸೊಟ್ಟ ಮಾಡುವ ಗೋಜೂ ಇಲ್ಲ. ಕರಾವಳಿಯ ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ತೋಪು ಇದ್ದೂ ಇಲ್ಲದಂತೆ.

ಕಲ್ಲಿನ ವಿಷಯ. ಮೂಲದಲ್ಲಿ ಲ್ಯಾಟರೈಟ್ ಇದ್ದಲ್ಲಿ 'ಕೆಂಪು ಕಲ್ಲು' ಎಂದು ಬಿಡಬೇಡಿ. ಬೇಕಲ, ಮಂಗಳೂರಿಗೆ 'ಮುರಕಲ್ಲು', ಕುಮಟೆಯ ಕಡೆ, ಅಂದರೆ ಮಿರ್ಜಾನಕ್ಕೆ, 'ಚಿರೇಕಲ್ಲು', ಘಟ್ಟದ ಮೇಲಿನವರಿಗೆ 'ಜಂಬಿಟ್ಟಿಗೆ'. ನೆಲದಿಂದ ಎಬ್ಬಿಸುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು, ಆದ್ದರಿಂದ ಕಿಂಡಿಯ ಅಂಚನ್ನು ಚೂಪಾಗಿ ಕಡೆಯಲು ಬಾರದು, ಗಾರೆ ಹಚ್ಚಿ ತಿದ್ದಬೇಕು. ಗಾರೆ ಎದ್ದುಹೋದ ಕಡೆ ಎರಡು ಬಗೆಯ ಕಿಂಡಿಗಳೂ ಒಂದೇ ತರಹ ಕಾಣುತ್ತವೆ. ಒಳಗಡೆಯಿಂದಲೂ ತೆಗೆದ ಚಿತ್ರ ನೋಡದೆ ಹೆಸರು ಬರೆಯಬೇಡಿ.

ನಿಮ್ಮ ಎರಡು ವಾಕ್ಯ ಹೀಗಾಗಬಹುದು: 'ಬೇಕಲ ಕೋಟೆಯ ದುಂಡು ಕೊತ್ತಲಗಳಿರುವ ಮುರಕಲ್ಲಿನ ಹೊರಗೋಡೆಯಲ್ಲಿ ಮೂರು ಮಟ್ಟದ ಕಿಂಡಿಗಳಿವೆ.' 'ಗುರುಪುರ ನದಿಯ ಮೇಲೆ ಕಣ್ಣಿಡಲು ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಒಂಟಿ ಬುರುಜಿನ ಮೇಲೆ ತೋಪು ಹೂಡುತ್ತಿದ್ದುದರಿಂದ ಇದು ಸುಲ್ತಾನ್ ಬತ್ತೇರಿ.'

ಪ್ರಶ್ನೆ ಕೇಳಿದವರು:

ಧನ್ಯವಾದ. ಎರಡೂ ವಾಕ್ಯ ಹಾಗೇ ತೆಗೆದುಕೊಂಡೆ. ಮಿರ್ಜಾನದ ಪುಟದಲ್ಲಿ 'ಕೆಂಪು ಕಲ್ಲು' ಐದು ಕಡೆ ಇತ್ತು, ಐದನ್ನೂ ಚಿರೇಕಲ್ಲು ಮಾಡಿದ್ದೇನೆ.