ಕಿನ್ಜುವಾ ಸ್ಕೈವಾಕ್: ರೈಲು ಹೊತ್ತ ಸೇತುವೆ ಗಾಳಿಗೆ ಬಿದ್ದದ್ದೇಕೆ?

ಪ್ರಶ್ನೆ
ಪೆನ್ಸಿಲ್ವೇನಿಯಾದ ಕಿನ್ಜುವಾ ರೈಲು ಸೇತುವೆಯ 20 ಗೋಪುರಗಳಲ್ಲಿ 11 ಗೋಪುರಗಳು 2003ರ ಜುಲೈ 21ರ ಸುಂಟರಗಾಳಿಗೆ ಉರುಳಿದವು. ಉಳಿದವುಗಳಲ್ಲಿ ಆರರ ಮೇಲೆ 2011ರಲ್ಲಿ ಸ್ಕೈವಾಕ್ (ಎತ್ತರದ ನಡಿಗೆದಾರಿ) ತೆರೆದರು. ರೈಲನ್ನೇ ತಡೆದುಕೊಂಡದ್ದು ಗಾಳಿಗೆ ಹೇಗೆ ಬಿತ್ತು? ಇಂಥ ಸೇತುವೆಯನ್ನು ನಡಿಗೆದಾರಿ ಮಾಡುವಾಗ ಮೊದಲು ಏನು ನೋಡಬೇಕು?

ಉತ್ತರ 1
ಬುಡ ನೋಡಬೇಕು. 1882ರ ಕಬ್ಬಿಣದ ಸೇತುವೆಯನ್ನು 1900ರಲ್ಲಿ ಉಕ್ಕಿನಲ್ಲಿ ಮತ್ತೆ ಕಟ್ಟಿದರು. ಆದರೆ ಪೀಠದೊಳಗಿನ ಹಳೆಯ ಆಂಕರ್ ಬೋಲ್ಟುಗಳನ್ನೇ (ಗೋಪುರದ ಕಾಲನ್ನು ಪೀಠಕ್ಕೆ ಬಿಗಿಯುವ ಬೋಲ್ಟು) ಉಳಿಸಿಕೊಂಡು, ಕಾಲರ್ (ಎರಡು ತುಂಡು ಸೇರಿಸುವ ಲೋಹದ ಬಳೆ) ಜೋಡಿಸಿ ಉದ್ದ ಮಾಡಿದರು. ಕಣ್ಣಿಗೆ ಬೀಳದ ಆ ಕಾಲರ್‌ಗಳು ತುಕ್ಕು ತಿಂದು ಬಿರುಕು ಬಿಟ್ಟಿದ್ದವು. 301 ಅಡಿ ಎತ್ತರದ ಸೇತುವೆಗೆ ಗಾಳಿ ಅಡ್ಡ ಹೊಡೆದಾಗ ಗಾಳಿ ಬರುವ ಕಡೆಯ ಕಾಲುಗಳು ಮೇಲೇಳಲು ನೋಡುತ್ತವೆ. ಅವನ್ನು ಹಿಡಿದಿಡುವುದು ಸೇತುವೆಯ ಸ್ವಂತ ತೂಕ ಮತ್ತು ಈ ಬೋಲ್ಟುಗಳು, ಅಷ್ಟೇ. ರೈಲಿನ ಭಾರ ಕೆಳಕ್ಕೆ ಒತ್ತುತ್ತದೆ, ಅದಕ್ಕೆ ಬೋಲ್ಟು ಬೇಕಿಲ್ಲ. ಹಾಗಾಗಿ ಹಲವು ದಶಕ ರೈಲು ಓಡಿತೆಂಬುದು ಬೋಲ್ಟು ಗಟ್ಟಿಯಿದೆ ಎನ್ನುವುದಕ್ಕೆ ಸಾಕ್ಷಿಯಾಗದು. ಹಳಿ, ಸ್ಲೀಪರ್ ತೆಗೆದು ಹಗುರ ಹಾಸು ಹಾಕಿದರಂತೂ ಬೋಲ್ಟಿನ ಮೇಲೆ ಎಳೆತ ಇನ್ನೂ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ಬೋಲ್ಟಿಗೆ ಅಲ್ಟ್ರಾಸಾನಿಕ್ (ಶಬ್ದದ ಅಲೆ ಹಾಯಿಸಿ ನೋಡುವ) ಪರೀಕ್ಷೆ ಸಾಲದೇ?

ಉತ್ತರ 1
ಒಂದೇ ತುಂಡಾಗಿದ್ದರೆ ಸಾಕು. ಕಾಲರ್ ಇದ್ದರೆ ಅಲೆ ಮೇಲಿನ ತುಂಡಿನ ತುದಿಗೇ ಬಡಿದು ಹಿಂದಿರುಗುತ್ತದೆ. ಕೆಳಗಿನದು ಹೇಗಿದೆಯೋ ತಿಳಿಯುವುದಿಲ್ಲ. ಅಳತೆಯಲ್ಲಿ ಬಂದ ಉದ್ದವನ್ನು ನಕ್ಷೆಯ ಉದ್ದಕ್ಕೆ ಹೋಲಿಸಿ. ಕಡಿಮೆ ಬಂದರೆ ಪೀಠ ಬಿಡಿಸಿಯೇ ನೋಡಿ. ಅನುಮಾನವಿದ್ದಲ್ಲಿ ಹೊಸ ರಂಧ್ರ ಕೊರೆದು ಹೊಸ ಆಂಕರ್ ಇಟ್ಟು ಗ್ರೌಟ್ ಮಾಡುವುದೇ (ಸುತ್ತ ಗಾರೆ ತುಂಬುವುದೇ) ಸರಿ, ಹಳೆಯದಕ್ಕೆ ತೇಪೆ ಬೇಡ.

ಉತ್ತರ 2
ಜನರ ಭಾರವನ್ನೂ ಹಗುರವಾಗಿ ಎಣಿಸಬೇಡಿ. ಕಿಕ್ಕಿರಿದ ಗುಂಪಿಗೆ ಚದರ ಮೀಟರಿಗೆ ಸುಮಾರು 500 ಕಿಲೋ ಹಿಡಿಯುತ್ತಾರೆ. 3 ಮೀಟರ್ ಅಗಲದ ದಾರಿಗೆ ಮೀಟರ್ ಉದ್ದಕ್ಕೆ ಒಂದೂವರೆ ಟನ್. ಮುಖ್ಯ ಗರ್ಡರಿಗೆ (ಭಾರ ಹೊರುವ ದೊಡ್ಡ ತೊಲೆಗೆ) ಇದು ಲೆಕ್ಕವಲ್ಲ. ತೊಂದರೆ ಬರುವುದು ಹೊಸದಾಗಿ ಹೊರಚಾಚಿದ ವೀಕ್ಷಣಾ ಕಟ್ಟೆಯಲ್ಲಿ, ರೇಲಿಂಗ್ ಕಂಬದ ಬುಡದಲ್ಲಿ: ಎಲ್ಲರೂ ಒಂದೇ ಕಡೆ ಬಂದು ಒರಗುತ್ತಾರೆ. ಯುರೋಕೋಡ್ (ಯುರೋಪಿನ ನಿರ್ಮಾಣ ವಿನ್ಯಾಸ ನಿಯಮ) ಪ್ರಕಾರ ಡೆಕ್‌ನ ಸಹಜ ಕಂಪನ (ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು, ಹರ್ಟ್ಸ್ ಅಳತೆ) ಲಂಬವಾಗಿ 5 ಹರ್ಟ್ಸ್‌ಗಿಂತ, ಅಡ್ಡಕ್ಕೆ 2.5 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ನಡಿಗೆಯ ತೂಗಾಟ ಪರಿಶೀಲಿಸಲೇಬೇಕು.

ಉತ್ತರ 3
ಹಾಸಿನ ಬಗ್ಗೆ ಒಂದು ಮಾತು. ಹಡ್ಸನ್ ನದಿಯ ಪಕೀಪ್ಸಿ ಸೇತುವೆಯ ಹಳಿದಾರಿ 1974ರಲ್ಲಿ ಸುಟ್ಟುಹೋಗಿತ್ತು. 2009ರಲ್ಲಿ ಅದನ್ನು ನಡಿಗೆದಾರಿ ಮಾಡಿದಾಗ ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ಹಲಗೆ ಹಾಸಿದರು. ಬೆಂಕಿಯ ಭಯವಿಲ್ಲ. ಆದರೆ ಹಲಗೆಗಳ ಸಂದಿಯಿಂದ ನೀರು ಗರ್ಡರಿನ ಮೇಲೆ ಸುರಿಯದಂತೆ ನೋಡಿಕೊಳ್ಳಬೇಕು. ರಿವೆಟ್ ಹೊಡೆದ ಎರಡು ತಗಡುಗಳ ನಡುವೆ ನೀರು ಸೇರಿದರೆ ತುಕ್ಕು ಉಬ್ಬಿ ರಿವೆಟ್ ತಲೆಯನ್ನೇ ಹಾರಿಸುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವುದೇ ಹೆಚ್ಚು. ಸುತ್ತ ಪರದೆ ಕಟ್ಟದೆ ಕೆರೆಯಲು ಬಿಡಬೇಡಿ, ಪುಡಿಯೆಲ್ಲ ನದಿಗೆ ಸೇರುತ್ತದೆ.